ಬಿಭಾರಾಣಿಯ ತೆರೆದ ಕಣ್ಣು

ಅಳಿಯನನ್ನು ಕರೆದು ಉಣಿಸಿ ಹರಸುವ ಅಳಿಯನ ಷಷ್ಠಿ ಹಬ್ಬಕ್ಕೆ ಈ ಸಲ ಅತ್ತೆಯ ಕಣ್ಣು ತೆರೆಸದಿದ್ದರೆ ತನ್ನ ಹೆಸರು ನಿರುಪಮನೇ ಅಲ್ಲ ಎಂದು ಅವನು ಸಾರಿದಾಗ, ಹೆಂಡತಿ ಶಂಪಾ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು.

"ಬೇರೆ ಹೆಸರು ಈಗಲೇ ಯೋಚ್ನೆ ಮಾಡಿಟ್ಕೊಳ್ಳಿ," ಎಂದಳು.

ಅತ್ತೆ ಬಿಭಾರಾಣಿಯ ಕಣ್ಣಿಗೇನೂ ದೋಷವಿರಲಿಲ್ಲ. ಕಿವಿರು ನೋಡಿ ಮೀನು ಎಷ್ಟು ದಿನದ್ದೆಂದು ಹೇಳಬಲ್ಲ ಕಣ್ಣುಗಳು ಅವು. ಆದರೆ ಫ್ಲಾಶ್ ಹೊಳೆಯಿತೋ, ಮುಚ್ಚಿಕೊಂಡವೇ. ಮದುವೆಯಲ್ಲಿ ಮುಖದ ಮುಂದಿನ ವೀಳ್ಯದೆಲೆ ಸರಿಸಿ ವರನನ್ನು ಮೊದಲ ಸಲ ನೋಡುವ ಫೋಟೊದಲ್ಲಿ ನಿದ್ದೆ. ಮಗಳ ಅನ್ನಪ್ರಾಶನದಲ್ಲಿ ನಿದ್ದೆ. ರೇಷನ್ ಕಾರ್ಡಿನಲ್ಲಂತೂ ಗಾಢ ನಿದ್ದೆ. ಒಮ್ಮೆ ಅಕ್ಕಿ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ, ಮೊಮ್ಮಗಳಿಗೆ ತೋರಿಸಲು ಕಣ್ಣಿರುವ ಒಂದು ಪಟವೂ ತನ್ನದಿಲ್ಲ ಎಂದಿದ್ದರು. ಆ ಮಾತು ನಿರುಪಮನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು.

ಅದಕ್ಕೆಂದೇ ಮೂರು ತಿಂಗಳ ತಪಸ್ಸು. ಕ್ಯಾಮೆರಾದ ತಲೆಯ ಮೇಲಿನ ಫ್ಲಾಶ್ ಪೊಲೀಸರ ಟಾರ್ಚಿನಂತೆ ಮುಖಕ್ಕೇ ಹೊಡೆಯುತ್ತದೆ. ಅದನ್ನು ಕಳಚಿ ಪಕ್ಕದಲ್ಲೊಂದು ಸ್ಟ್ಯಾಂಡಿಗೆ ಏರಿಸಿ, ಬಿಳಿ ಬಟ್ಟೆಯೊಳಗಿಂದ ಹಾಯಿಸಿದರೆ ಬೆಳಕು ಹಾಲಿನಂತೆ ಸುರಿಯುತ್ತದೆ ಎಂದು ಅವನು ಕಲಿತ. ಅಭ್ಯಾಸಕ್ಕೆ ಒಂದು ತೆಂಗಿನಕಾಯಿಯನ್ನು ಕುರ್ಚಿಯ ಮೇಲೆ ಕೂರಿಸಿದ. ಮುನ್ನೂರು ಫೋಟೊಗಳಲ್ಲಿ ತೆಂಗಿನಕಾಯಿ ಒಂದೇ ಒಂದು ಸಲವೂ ಕಣ್ಣು ಮುಚ್ಚಲಿಲ್ಲ. ಅವನ ಆತ್ಮವಿಶ್ವಾಸ ಆಕಾಶ ಮುಟ್ಟಿತು.

ಷಷ್ಠಿಯ ಬೆಳಿಗ್ಗೆ ಚಂದನನಗರದ ಮಾವನ ಮನೆಗೆ ಬಂದವನೇ, ಬೆಳಕು ಎಂದರೇನೆಂದು ಮಾವ ಗೌರಹರಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟ. ಗೌರಹರಿ ನಲವತ್ತು ವರ್ಷ ಪೂಜೆಯ ಬೀದಿಗಳಿಗೆ ದೀಪಾಲಂಕಾರ ಮಾಡಿ, ಬಲ್ಬುಗಳಿಂದ ನವಿಲು ಕುಣಿಸಿ ರೈಲು ಓಡಿಸಿದ ಮನುಷ್ಯ. ಹೂಂ ಹೂಂ ಎನ್ನುತ್ತ ಕೇಳಿದರು.

ಅತ್ತೆ ಹಣೆಗೆ ಮೊಸರಿನ ಬೊಟ್ಟಿಟ್ಟು, ಮಣಿಕಟ್ಟಿಗೆ ಹಳದಿ ದಾರ ಕಟ್ಟಿ, ಒದ್ದೆ ತಾಳೆಗರಿಯ ಬೀಸಣಿಗೆಯಿಂದ ಗಾಳಿ ಹಾಕಿದರು. ಊಟ ಬಡಿಸಿಯಾಯಿತು. ಬಿಳಿ ಬಟ್ಟೆ ಮರೆತುಬಂದದ್ದು ನಿರುಪಮನಿಗೆ ಆಗ ಹೊಳೆಯಿತು. ಸದ್ದಿಲ್ಲದೆ ಎದ್ದುಹೋಗಿ ಅತ್ತೆಯ ಸೊಳ್ಳೆಪರದೆಯನ್ನು ಬಿಚ್ಚಿ ತಂದ. ಆ ಊರಲ್ಲಿ ಇನ್ನೊಬ್ಬರ ಸೊಳ್ಳೆಪರದೆ ಮುಟ್ಟುವುದೆಂದರೆ ಅವರ ನಿದ್ದೆಗೇ ಕೈಹಾಕಿದಂತೆ. ಮಡಿಸಿ ಫ್ಲಾಶ್ ಸ್ಟ್ಯಾಂಡಿನ ಮುಂದೆ ಇಳಿಬಿಟ್ಟದ್ದರಿಂದ ಅತ್ತೆಗೆ ಗುರುತು ಸಿಗಲಿಲ್ಲ.

ಫ್ಯಾನು ಆರಿಸಬೇಕೆಂದ. ಷಷ್ಠಿಯ ದಿನ ಅಳಿಯ ಬೆವರಿದರೆ ದೇವಿಗೆ ತಾನು ಏನು ಉತ್ತರ ಹೇಳಲಿ ಎಂದು ಅತ್ತೆ ಅದನ್ನು ಐದಕ್ಕೆ ತಿರುಗಿಸಿದರು.

ಹನ್ನೊಂದು ಫೋಟೊ, ಹನ್ನೊಂದು ನಿದ್ದೆ. ಹನ್ನೆರಡನೆಯದಕ್ಕೆ ಪರದೆ ದೋಣಿಯ ಹಾಯಿಯಂತೆ ಉಬ್ಬಿತು. ಸ್ಟ್ಯಾಂಡು ಮಹಾವೃಕ್ಷದ ಗಾಂಭೀರ್ಯದಿಂದ ವಾಲಿ, ಕಡಲೆಬೇಳೆಯ ಪಾತ್ರೆಯಲ್ಲಿ ಕಾಲಿಟ್ಟು, ಮುರಿದುಬಿತ್ತು. ಪರದೆ ಸಿಗಡಿ ಸಾರಿನ ಮೇಲೆ ಹಾಸಿಕೊಂಡಿತು. ಹಾರಿದ ಫ್ಲಾಶನ್ನು ಗೌರಹರಿ ಗಾಳಿಯಲ್ಲೇ ಎಡಗೈಯಿಂದ ಹಿಡಿದರು. ಬಲಗೈಯಲ್ಲಿ ಮೀನಿತ್ತು.

ನಿರುಪಮ ಕುಸಿದು ಕೂತ.

"ಬಿಡಪ್ಪಾ, ನನ್ನ ಹಣೇಲಿ ಬರೆದಿಲ್ಲ. ನೀನು ಉಣ್ಣು," ಎಂದರು ಅತ್ತೆ. ಆ ಸಮಾಧಾನವೇ ಅವನಿಗೆ ಹೆಚ್ಚು ಚುಚ್ಚಿತು.

ಗೌರಹರಿ ಕೈಯಲ್ಲಿದ್ದ ಫ್ಲಾಶನ್ನೇ ನೋಡುತ್ತ, ಇನ್ನೊಂದು ಸಲ ಒತ್ತಲು ಹೇಳಿದರು. ಒತ್ತಿದ.

"ನಿಮ್ಮ ದೀಪ ಎರಡು ಸಲ ಮಿಂಚುತ್ತೆ, ಅಳಿಯಂದ್ರೇ. ಮೊದಲನೇದು ಬಾಗಿಲು ತಟ್ಟುತ್ತೆ, ಎರಡನೇದು ಒಳಗೆ ಬರುತ್ತೆ. ಇವಳು ತಟ್ಟಿದ ಕೂಡ್ಲೇ ಕಣ್ಣು ಮುಚ್ತಾಳೆ. ಆ ತಟ್ಟೋದು ನಿಲ್ಸಿ."

ಫ್ಲಾಶಿನ ಜೊತೆ ಬಂದ ಪುಸ್ತಿಕೆಯಲ್ಲಿ ಅದೇ ಬರೆದಿತ್ತು: ತಾನಾಗಿಯೇ ಬೆಳಕು ಅಳೆಯುವ ಕ್ರಮದಲ್ಲಿಟ್ಟರೆ, ಅಳತೆಗೆಂದು ಮೊದಲೊಂದು ಚಿಕ್ಕ ಮಿಂಚು ಹೊಡೆಯುತ್ತದೆ. ಬೆಳಕೆಂದರೆ ತನಗೆ ಗೊತ್ತಿಲ್ಲವೇ ಎಂದು ನಿರುಪಮ ಆ ಪುಟ ಹಾರಿಸಿದ್ದ. ತೆಂಗಿನಕಾಯಿಯೂ ದೂರು ಹೇಳಿರಲಿಲ್ಲ. ಈಗ ಅಳತೆಯನ್ನು ಕೈಯಿಂದಲೇ ಹೊಂದಿಸಿದ. ಎಷ್ಟಿಡಲಿ ಎಂದು ಮೆಲ್ಲಗೆ ಕೇಳಿದ. ಅರ್ಧ ಸಾಕೆಂದ ಗೌರಹರಿ, ಫ್ಲಾಶನ್ನು ಒಂದು ಮೊಳ ಮೇಲೆತ್ತಿ ಸುಣ್ಣದ ಗೋಡೆಯ ಕಡೆ ತಿರುಗಿಸಿದರು. ಅಷ್ಟರಲ್ಲಿ ಅತ್ತೆಯ ನೋಟ ಸಾರಿನ ಮೇಲಿದ್ದುದರತ್ತ ಹೋಯಿತು.

"ಅಯ್ಯೋ, ಇದು ನನ್ನ ಸೊಳ್ಳೆಪರದೆ ಅಲ್ವಾ?" ಎಂದು ತಲೆಯೆತ್ತಿದರು.

ನಿರುಪಮ ಒತ್ತಿದ.

ಸೆರಗಿಗೆ ಕೈ ಒರೆಸಿಕೊಂಡು ಬಿಭಾರಾಣಿ ಕ್ಯಾಮೆರಾ ತೆಗೆದುಕೊಂಡರು. ಗೋಡೆಯಿಂದ ತಿರುಗಿ ಬಂದ ಬೆಳಕು ಕೆನ್ನೆಯ ಮೇಲೆ ಮುಂಜಾನೆಯ ಹಾಗೆ ಕೂತಿತ್ತು. ಅದರ ಮೇಲೆ ಸಿಟ್ಟು ತುಂಬಿದ, ಹೊಳೆಯುವ, ಪೂರ್ತಿ ತೆರೆದ ಎರಡು ಕಣ್ಣು. ಬಹಳ ಹೊತ್ತು ನೋಡಿದರು.

"ನನ್ನ ಕಣ್ಣು ಇಷ್ಟು ದೊಡ್ಡವಾ?"

ಗೌರಹರಿ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾದರು. ನಿರುಪಮ ಬಾಗಿ ಅತ್ತೆಯ ಕಾಲು ಮುಟ್ಟಿದ. ಮಾವನ ಕಾಲನ್ನು ಇನ್ನಷ್ಟು ಹೊತ್ತು ಮುಟ್ಟಿದ.

ಸಂಜೆ ನೆರೆಯ ಹೆಂಗಸರೆಲ್ಲ ಪಟ ನೋಡಲು ಬಂದರು. ಯಾರು ತೆಗೆದದ್ದು ಎಂದು ಒಬ್ಬಾಕೆ ಕೇಳಿದಳು. ನಿರುಪಮ ಗಂಟಲು ಸರಿಮಾಡಿಕೊಂಡು, ವಿನಯದ ಮುಖ ಹೊತ್ತು, ಒಂದು ಹೆಜ್ಜೆ ಮುಂದೆ ಬಂದ.

"ಇನ್ಯಾರು, ನಮ್ಮೋರೇ," ಎಂದರು ಬಿಭಾರಾಣಿ, ಗಂಡನ ಕಡೆ ಕೈ ತೋರಿಸಿ. "ಅಳಿಯ ಪಾಪ, ಬಿಡುವು ಮಾಡ್ಕೊಂಡು ಗುಂಡಿ ಒತ್ತಿಕೊಟ್ಟ."