ಎರಡು ಮನೆಯ ಎಂಟಿಟಿ

ಸಿಟ್ಟು ಬಂದಾಗ ದನಿ ಏರಿಸಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಹಾಗಾಗಿ ಕಂಪ್ಯೂಟರಿಗೆ ಬೈಯುವಾಗಲೂ ನಾನು ಬಹುವಚನವನ್ನೇ ಬಳಸುತ್ತೇನೆ. ಆದರೆ ಕಳೆದ ತಿಂಗಳು ಒಂದು ದಿನ "ನಿಮಗೆ ಮಾನ ಮರ್ಯಾದೆ ಇದೆಯೇನ್ರೀ?" ಎಂದು ಲ್ಯಾಪ್‌ಟಾಪಿನ ಮುಂದೆ ಕೂಗಿಯೇಬಿಟ್ಟೆ. ಕಾಯಿ ತುರಿಯುತ್ತಿದ್ದ ಅತ್ತೆ, "ಯಾರೇ ಅದು ಫೋನಲ್ಲಿ?" ಎಂದರು.

ಅರಸೀಕೆರೆಯ ನಮ್ಮ ಮಹಿಳಾ ಸಮಾಜಕ್ಕೆ ಒಂದು ಪಾತ್ರೆ ಕೋಣೆಯಿದೆ. ಮಾಲೇಕಲ್ಲಿನಲ್ಲಿ ಮದುವೆಯಾಗಲಿ, ಹಾರನಹಳ್ಳಿಯಲ್ಲಿ ನಾಮಕರಣವಾಗಲಿ, ನಮ್ಮ ಕೊಳದಪ್ಪಲೆಗಳು ಟೆಂಪೋ ಹತ್ತುತ್ತವೆ. ವಾಪಸು ಬರುವಾಗ ಬರೀ ಮುಚ್ಚಳ ಬರುವುದೂ ಉಂಟು. ಮದುವೆಗೆ ಮುಂಚೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದ ನಾನು, ಯಾವ ಪಾತ್ರೆ ಯಾರ ಮನೆಯಲ್ಲಿದೆ ಎಂದು ತಿಳಿಸುವ ಪ್ರೋಗ್ರಾಂ ಬರೆದುಕೊಡುತ್ತೇನೆಂದು ಸಭೆಯಲ್ಲಿ ಹೇಳಿಬಿಟ್ಟೆ. ಅಧ್ಯಕ್ಷೆ ಸರೋಜಮ್ಮನವರು, "ಶನಿವಾರ ತೋರ್ಸು. ಆಗ್ಲಿಲ್ಲ ಅಂದ್ರೆ ಕಾನ್ವೆಂಟು ಗೀನ್ವೆಂಟು ಅಂತ ಇನ್ಮೇಲೆ ಬಾಯಿ ಬಿಡ್ಬೇಡ ಕಣಮ್ಮ" ಎಂದರು.

ಪ್ರೋಗ್ರಾಂನಲ್ಲಿ ಪಾತ್ರೆಯ ವಿವರ ಹಿಡಿದಿಡುವ 'ಪಾತ್ರೆ' ಎಂಬ ಕ್ಲಾಸಿನ ತಲೆಯ ಮೇಲೆ 'ಎಂಟಿಟಿ' ಎಂಬ ಚೀಟಿ ಅಂಟಿಸಿದರೆ ಡೇಟಾಬೇಸಿನಲ್ಲಿ ಅದಕ್ಕೊಂದು ಜಾಗ ಸಿಗುತ್ತದೆ. ಆದರೆ ಅದೇ ಹೆಸರಿನ ಚೀಟಿ ಸಿದ್ಧ ಕೋಡಿನ ಎರಡು ಕಟ್ಟುಗಳಲ್ಲಿ, ಅಂದರೆ ಪ್ಯಾಕೇಜುಗಳಲ್ಲಿತ್ತು: ಹಳೆಯ ಜಾವಾಎಕ್ಸ್, ಹೊಸ ಜಕಾರ್ತ. ಪರಿಚಯದ ಮುಖವೆಂದು ಹಳೆಯದನ್ನೇ ಆರಿಸಿದೆ. ತಪ್ಪು ತೋರಿಸುವ ಒಂದು ಕೆಂಪು ಗೆರೆಯೂ ಕಾಣಲಿಲ್ಲ. ಪ್ರೋಗ್ರಾಂ ಓಡಿಸಿದ ಮೇಲೆ ಮಾತ್ರ, ಪಾತ್ರೆಯೆಂದರೆ ಯಾರೋ ತನಗೆ ಗೊತ್ತೇ ಇಲ್ಲ ಎಂಬರ್ಥದ ಉತ್ತರ! ಎಲೆಯ ಮುಂದೆ ನಗುನಗುತ್ತಾ ಉಂಡು, ಬಸ್ಸು ಹತ್ತಿದ ಮೇಲೆ ಸಾರಿನಲ್ಲಿ ಉಪ್ಪಿರಲಿಲ್ಲ ಎನ್ನುವ ಬೀಗರ ಬುದ್ಧಿ. ಬರೆಯುವಾಗಲೇ ಹೇಳಬಾರದಿತ್ತೇ? ಕೆಲಸ ಅದೇ, ಹೆಸರು ಅದೇ. ಯಾರೋ ದೊಡ್ಡವರು ಮನೆ ಬದಲಾಯಿಸಿದರೆ ನಾನೇಕೆ ದಂಡ ತೆರಬೇಕು?

"ಮದ್ವೆಗೆ ಮುಂಚೆ ಕಲ್ತಿದ್ದಲ್ವೇನೇ? ಹಳಸಿರತ್ತೆ ಬಿಡು" ಎಂದರು ಅತ್ತೆ.

ಎಂಟಿಟಿಯನ್ನು ಜಕಾರ್ತಕ್ಕೆ ಸಾಗಿಸಿದೆ. ಈಗ ಪಾತ್ರೆಗೆ ಗುರುತೇ ಇಲ್ಲವೆಂಬ ತಕರಾರು. 'ಐಡಿ' ಎಂಬ ಚೀಟಿ ಹಳೆಯ ಮನೆಯಲ್ಲೇ ಉಳಿದಿತ್ತು. ರೋಸಿಹೋಗಿ ಜಾವಾಎಕ್ಸ್ ಇದ್ದ ಹಳೆಯ ಲೈಬ್ರರಿಯನ್ನೇ ಪ್ರಾಜೆಕ್ಟಿನಿಂದ ಕಿತ್ತುಹಾಕಿದೆ. ಅಲ್ಲಲ್ಲಿ ಅಡಗಿದ್ದ ಹಳೆಯ ಚೀಟಿಗಳೆಲ್ಲ ಒಮ್ಮೆಲೇ ಕೆಂಪಗಾದವು. ಕೊನೆಗಾದರೂ ನಿಜ ಹೇಳಿದವಲ್ಲ! ಒಂದೊಂದನ್ನೇ ಬದಲಾಯಿಸಿದೆ, ಪ್ರೋಗ್ರಾಂ ಓಡಿತು.

ಶನಿವಾರ ಸರೋಜಮ್ಮನವರು, "ದೊಡ್ಡ ಜಾಲರಿ ಸೌಟು ಎಲ್ಲೋಯ್ತು ಕೇಳು" ಎಂದರು. ಅದು ಹಾರನಹಳ್ಳಿಯಲ್ಲಿದೆ ಎಂದು ತೆರೆಯ ಮೇಲೆ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬುತ್ತಿರುವಾಗಲೇ ಸರೋಜಮ್ಮನವರು ಸೆರಗಿನ ಗಂಟು ಬಿಚ್ಚಿ ಪಾತ್ರೆ ಕೋಣೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು.

"ಇಷ್ಟೆಲ್ಲ ಗೊತ್ತಿರೋ ನೀನಿರೋವಾಗ ನನಗ್ಯಾಕಮ್ಮ ಇದು?"

ಈಗ ಲಗ್ನದ ದಿನಗಳಲ್ಲಿ ಕೋಣೆಯ ಬಾಗಿಲು ತೆಗೆದು, ಕೊಳದಪ್ಪಲೆಗಳನ್ನು ಟೆಂಪೋಗೆ ಎತ್ತಿಸಿ, ಬಂದ ಮೇಲೆ ಜಿಡ್ಡು ಹೋಗಿದೆಯೇ ಎಂದು ಮೂಸಿ ನೋಡುವವಳು ನಾನೇ. ಮಾನವೇನೋ ಉಳಿಯಿತು, ಸೊಂಟ ಹೋಯಿತು.