ಆರೇ ಜನರ ಜನಾಂಗದಿಂದ ಒಂದು ದೂರು

ಪ್ರಧಾನ ಸಂಪಾದಕರು,
'ಗಡಿಸೀಮೆಯ ಸಮುದಾಯ ಕೋಶ', ಸಂಪುಟ ನಾಲ್ಕು, ಇವರ ದಿವ್ಯ ಸನ್ನಿಧಿಗೆ.

ಮಾನ್ಯರೇ,

ತಮ್ಮ ಕೋಶದ ಇನ್ನೂರ ಹದಿನೆಂಟನೆಯ ಪುಟದಲ್ಲಿ ಕಳೆದ ವರ್ಷದಿಂದ ವಾಸವಾಗಿರುವ ನಾನು, ಹೊಟ್ಟೆಪಾಡಿಗೆ ಹುಕ್ಕೇರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ಭಾಗ್ಯಾ, ತಮ್ಮ ಆರೋಗ್ಯವೂ ತಮ್ಮ ಕನ್ನಡಕವೂ ತಮ್ಮ ಅಡಿಟಿಪ್ಪಣಿಗಳೂ ಕ್ಷೇಮವಾಗಿರಲೆಂದು ಹಾರೈಸಿ, ಎಲ್ಲರೂ ಓದಲೆಂದು ಈ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಮುಚ್ಚಿದ ಲಕೋಟೆಯಲ್ಲಿ ಬರೆದದ್ದಕ್ಕೆ ತಾವು ಕೊಟ್ಟ ಉತ್ತರ ಎಷ್ಟು ಘನವಾಗಿತ್ತೆಂದರೆ, ಅದನ್ನು ನಾವು ಆರು ಜನ ಮಾತ್ರ ಓದಿ ಇಟ್ಟುಕೊಳ್ಳುವುದು ಸ್ವಾರ್ಥವಾಗುತ್ತದೆ.

ಅದರ ಹಿಂದಿನ ವರ್ಷದ ಚಳಿಗಾಲದ ಒಂದು ಭಾನುವಾರ ತಮ್ಮ ಸಂಶೋಧಕರೊಬ್ಬರು ಮೂಡಲಗಿ ಕಡೆಯ ಹೊಲವೊಂದಕ್ಕೆ ಬಂದಿದ್ದರು. ಅಲ್ಲಿ ಹೊಲಕ್ಕೆ ಗೊಬ್ಬರವಾಗಲೆಂದು ನಮ್ಮ ಕುರಿ ತರುಬಿದ್ದೆವು. ನನ್ನ ತಂದೆ ಬೀರಸಿದ್ದಪ್ಪ, ಅವ್ವ, ತಮ್ಮ ಮಾಳು, ಬುತ್ತಿ ಹೊತ್ತು ಹೋಗಿದ್ದ ನಾನು, ತಂಗಿ ವಿದ್ಯಾ, ಮತ್ತು ನಮ್ಮ ಆಯಿ, ಅಂದರೆ ತಂದೆಯ ತಾಯಿ, ಯಲ್ಲಕ್ಕ, ಹೀಗೆ ಆರು ಜನ ಅಲ್ಲಿದ್ದೆವು. ಸಂಶೋಧಕರು ಬಹಳ ಸಭ್ಯರು. ಬಿಸಿಲಿಗೆ ಬೆವರುತ್ತಲೇ ಆಯಿಯ ಎದುರು ಕುಕ್ಕರುಗಾಲಲ್ಲಿ ಕುಳಿತು, ನಿಮ್ಮ ಜನಾಂಗ ಯಾವುದು ಎಂದು ಕೇಳಿದರು.

"ಕುರುಬರ್ರಿ" ಎಂದಳು ಆಯಿ.

"ಅದು ಎಲ್ಲರೂ ಹೇಳುವ ಹೆಸರಲ್ಲವೇ ಅಜ್ಜಿ? ನಿಮ್ಮೊಳಗೆ ನೀವು ನಿಮ್ಮನ್ನು ಏನೆಂದು ಕರೆದುಕೊಳ್ಳುತ್ತೀರಿ?"

"ನಮ್ಮೊಳಗ ನಾವು ಏನ್ ಕರಕೋತೀವೋ ತಮ್ಮಾ! ನಮ್ಮಂದಿ ಅಂತೀವಿ."

"ಹಾಗಾದರೆ ಬೇರೆಯವರನ್ನು?"

"ಮಂದಿ ಅಂತೀವಿ."

ಅವರು ಅದನ್ನು ಬರೆದುಕೊಂಡರು. ನಾನು ನಕ್ಕೆ, ವಿದ್ಯಾಳೂ ನಕ್ಕಳು. ಕನ್ನಡ ಕಲಿಸುವ ನಾನು ಆ ಕ್ಷಣವೇ ಎದ್ದು 'ಸಾರ್, ಅದು ಹೆಸರಲ್ಲ' ಎನ್ನಬೇಕಾಗಿತ್ತು; ಎನ್ನಲಿಲ್ಲ. ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಇಷ್ಟೇ, ಅದನ್ನು ಒಪ್ಪಿಕೊಂಡಿದ್ದೇನೆ.

ಕೋಶ ಅಚ್ಚಾಯಿತು. ಅದರಲ್ಲಿ ನಾವೂ ಅಚ್ಚಾದೆವು. "ನಮ್ಮಂದಿ: ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ನಡುವೆ ಅಲೆಯುವ ಅತಿ ಸಣ್ಣ ಕುರಿಗಾಹಿ ಜನಾಂಗ. ಜನಸಂಖ್ಯೆ ಆರು. ಸುತ್ತಲಿನ ಕುರುಬರಿಗಿಂತ ಭಿನ್ನ. ಹೆಸರಿನ ಮೂಲ 'ಮಂದೆ'. ಈ ಜನ ತಮ್ಮನ್ನು ತಮ್ಮ ಕುರಿಗಳಿಂದ ಬೇರೆಯೆಂದು ಭಾವಿಸುವುದಿಲ್ಲ. ಉಳಿದ ಮನುಕುಲವನ್ನೆಲ್ಲ 'ಮಂದಿ' ಎಂಬ ಒಂದೇ ಪಂಗಡವಾಗಿ ಕಾಣುತ್ತಾರೆ. ನಗು ಹೆಚ್ಚು, ಕಾರಣ ತಿಳಿದುಬಂದಿಲ್ಲ."

ಮಾನ್ಯರೇ, ನಾನು ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುತ್ತಿದ್ದೇನೆ. ಒಂದು ಸರ್ವನಾಮವನ್ನು ಬಿತ್ತಿ ಒಂದು ಜನಾಂಗವನ್ನೇ ಬೆಳೆದ ಒಕ್ಕಲುತನವನ್ನು ಎಲ್ಲಿಯೂ ಕಂಡಿರಲಿಲ್ಲ. ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಅದನ್ನು ಓದಿ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ.

ಮುಗಿಯಲಿಲ್ಲ. ಘಟಪ್ರಭಾದಲ್ಲಿ ನರ್ಸ್ ಆಗಿರುವ ವಿದ್ಯಾಳಿಗೆ ಸಂಕೇಶ್ವರದ ಮಾಲಿಂಗ ಎಂಬ ಹುಡುಗನೊಂದಿಗೆ ಮಾತುಕತೆ ಮುಗಿದಿತ್ತು. ಇಬ್ಬರೂ ಒಪ್ಪಿದ್ದರು, ನಿಶ್ಚಿತಾರ್ಥದ ದಿನ ಗೊತ್ತಾಗಿತ್ತು. ಹುಡುಗನ ತಂದೆ ಸತ್ತೆಪ್ಪನವರು ಗ್ರಂಥಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು; ಬಾಯಿಮಾತಿನ ಮೇಲೆ ಅವರಿಗೆ ಅನುಮಾನ, ಅಚ್ಚಿನ ಮೇಲೆ ಅಚಲ ಭಕ್ತಿ. ತಮ್ಮ ಕೋಶವನ್ನು ಆದಿಯಿಂದ ಅಂತ್ಯದವರೆಗೆ ಓದಿದ ಮೊದಲ ಮನುಷ್ಯ ಬಹುಶಃ ಅವರೇ. ಒಂದು ಸಂಜೆ ಅಪ್ಪನಿಗೆ ಫೋನ್ ಮಾಡಿದರು.

"ಬೀರಸಿದ್ದಪ್ಪಾರ, ಸಿಟ್ಟಾಗಬ್ಯಾಡ್ರಿ. ನೀವು ಬ್ಯಾರೆ, ನಾವು ಬ್ಯಾರೆ ಅಂತ ಪುಸ್ತಕದಾಗ ಐತಿ. ಅದನ್ನ ತಿದ್ದಿಸಿಕೊಂಡ್ ಬರ್ರಿ, ಆಮ್ಯಾಲ ಮುಂದಿನ ಮಾತು."

ಅಪ್ಪ ಅದನ್ನು ಮನೆಯಲ್ಲಿ ಹೇಳಿದರು. ವಿದ್ಯಾ ಕೇಳಿ, "ಪುಸ್ತಕಾನ ಲಗ್ನ ಆಗು ಅನ್ರಿ ಅವಂಗ" ಎಂದಳು. ಅಂದಿನಿಂದ ಮಾಲಿಂಗನ ಫೋನ್ ಎತ್ತಲಿಲ್ಲ. ಆದರೆ ನಿಜವಾಗಿ ಕುಗ್ಗಿದವಳು ಆಯಿ. "ನನ್ನ ಬಾಯಿಂದ ಹುಡುಗೀ ಲಗ್ನಾ ಮುರೀತಲ್ಲವ್ವಾ" ಎಂದು ಒಮ್ಮೆ ಅಂದವಳು, ಆಮೇಲೆ ಹೊರಗಿನವರೊಡನೆ ಮಾತೇ ಬಿಟ್ಟಳು. ದಾರಿ ಕೇಳಿದವರಿಗೂ ಕೈ ತೋರಿಸುತ್ತಿದ್ದಳೇ ಹೊರತು ಊರಿನ ಹೆಸರು ಹೇಳುತ್ತಿರಲಿಲ್ಲ, ಅದನ್ನೂ ಯಾರಾದರೂ ಬರೆದುಕೊಂಡಾರು ಎಂದು. ಇಡೀ ಹೊಲಕ್ಕೆ ಕೇಳಿಸುವ ಹಾಗೆ ಕುರಿಗಳನ್ನು ಬೈಯುತ್ತಿದ್ದ ಹೆಂಗಸು ಹಾಗೆ ಸುಮ್ಮನಾದದ್ದನ್ನು ನೋಡಿದ ಮೇಲೆ ನನ್ನ ನಗು ನಿಂತಿತು.

ಆಗಲೇ ತಮಗೆ ಮೊದಲ ಪತ್ರ ಬರೆದದ್ದು. ತಿಂಗಳ ನಂತರ ಉತ್ತರ ದಯಪಾಲಿಸಿದಿರಿ: ತಿದ್ದುಪಡಿಯ ಕೋರಿಕೆ ಆಯಾ ಸಮುದಾಯದ ಸದಸ್ಯರಿಂದಲೇ ಬರಬೇಕು, ಕನಿಷ್ಠ ಮೂರರಲ್ಲಿ ಎರಡು ಪಾಲು ಸದಸ್ಯರು ಸಹಿ ಮಾಡಬೇಕು, ಜೊತೆಗೆ ತಾವು ಆ ಸಮುದಾಯಕ್ಕೆ ಸೇರಿದವರೆಂಬುದಕ್ಕೆ ದಾಖಲೆ ಲಗತ್ತಿಸಬೇಕು. ಅಂದರೆ ನಾವು ನಮ್ಮಂದಿ ಅಲ್ಲವೆಂದು ಹೇಳಬೇಕಾದರೆ ಮೊದಲು ನಾವೇ ನಮ್ಮಂದಿ ಎಂದು ರುಜುವಾತು ಮಾಡಬೇಕು. ಈ ಆಲೋಚನೆಯ ಆಳಕ್ಕೆ ನಾನು ಎರಡು ಸಲ ಇಳಿದು ನೋಡಿದೆ, ತಳ ಸಿಗಲಿಲ್ಲ.

ಹೀಗಾಗಿ ಅಪ್ಪ ಗೋಕಾಕದಲ್ಲಿ ಸಮಾಜದ ಹಿರಿಯರ ಸಭೆಯ ಮೊರೆ ಹೋದರು. ಇವರೂ ನಮ್ಮವರೇ ಎಂಬ ಒಂದು ಸಾಲಿನ ಠರಾವು ಸಾಕಾಗಿತ್ತು. ಆದರೆ ಠರಾವಿನಲ್ಲಿ ನಮ್ಮನ್ನು ಏನೆಂದು ಬರೆಯಬೇಕು ಎಂಬ ಪ್ರಶ್ನೆ ಎದ್ದಿತು. ವಕೀಲರಾದ ಶಿವಾನಂದ ಅವರು 'ಹಾಲುಮತ' ಎಂದೇ ಬರೆಯಬೇಕು, ಅದರಲ್ಲಿ ಗೌರವವಿದೆ ಎಂದರು. ಸಂಘದ ಕಾರ್ಯದರ್ಶಿ ಮಲ್ಲೇಶ ಎದ್ದು, "ಕುರುಬ ಅನ್ನಾಕ ನಿಮಗ ನಾಚಿಕಿ ಏನ್ರಿ? ನಮ್ಮ ಅಪ್ಪ ಆ ಹೆಸರಿಲೆನ ಬದುಕಿದ, ಆ ಹೆಸರಿಲೆನ ಸತ್ತ" ಎಂದರು. ಹಿಂದಿನಿಂದ ಒಬ್ಬರು, ಗಡಿಯಾಚೆ ನಮ್ಮ ಬೀಗರು ಧನಗರರು, ಅವರನ್ನು ಬಿಟ್ಟು ಹೇಗೆ ಎಂದರು. ಮೂರು ಹೆಸರಿಗೂ ಕಾರಣಗಳಿದ್ದವು, ಮೂರೂ ಕಾರಣಗಳು ನನಗೆ ಸರಿಯೆನಿಸಿದವು, ಹೀಗಾಗಿ ಎರಡು ತಾಸು ಕಳೆದರೂ ಠರಾವು ಹುಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆಯಿಯನ್ನು ಒಬ್ಬರೂ ಕೇಳಲಿಲ್ಲ. ಕೊನೆಗೆ ಅವಳೇ ಎದ್ದಳು. ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ಅಂದು ತೆರೆಯಿತು.

"ಕುರಿ ಹೊಡಕೊಂಡು ಆ ಕಡಿ ಹೋದಾಗ ಧನಗರ ಅಂದಾರ, ಈ ಕಡಿ ಕುರುಬರ ಅಂದಾರ, ದೇವರ ಮುಂದ ಹಾಲಮತ ಅಂದಾರ. ಎಲ್ಲಾದಕ್ಕೂ ಓ ಅಂದೇನಿ ನಾ. ಆದ್ರ ಕರದಾವನ ಮಾರಿ ನೋಡಿ ಓ ಅಂದೇನಿ. ಬಸ್ಸಿನ್ಯಾಗ ಒಬ್ಬಾಂವ 'ಏ ಕುರುಬತಿ, ಹಿಂದ ಸರಿ, ಉಣ್ಣಿ ವಾಸನಿ' ಅಂದಾ. ಹೆಸರು ಅದನ. ಅವತ್ತ ಓ ಅನ್ನಲಿಲ್ಲ ನಾ, ಸರೀಲೂ ಇಲ್ಲ. ನೀವು ಯಾವ್ದರ ಬರಕೋರಿ. ನಮ್ಮ ಹುಡುಗೀದು ಏನ್ ಮಾಡ್ತೀರಿ, ಅಷ್ಟ ಹೇಳ್ರಿ."

ಸಭೆ ಚಹಾ ವಿರಾಮಕ್ಕೆ ಎದ್ದಿತು. ಮರಳಿ ಕೂಡಲಿಲ್ಲ.

ಮರುದಿನ ಆಯಿ ನನ್ನನ್ನು ಕರೆದುಕೊಂಡು ಸಂಕೇಶ್ವರದ ಬಸ್ಸು ಹತ್ತಿದಳು. ಹೇಳಿ ಕಳಿಸದೆ ಬಂದವರನ್ನು ಕಂಡು ಸತ್ತೆಪ್ಪನವರು ಗಾಬರಿಯಾಗಿ, ಆ ಕೋಶವನ್ನು ಎದೆಗವಚಿಕೊಂಡೇ ಬಾಗಿಲಿಗೆ ಬಂದರು. ಒಳಗೆ ಹೊರಸಿನ ಮೇಲೆ ಅವರ ತಾಯಿ ಲಗಮವ್ವ ಕುಳಿತಿದ್ದರು. ಕಣ್ಣು ಕಾಣಿಸದು, ಕಿವಿ ಚುರುಕು.

"ಯಾರೋ ಸತ್ತೆಪ್ಪಾ ಬಂದಾರ?"

"ಅವ್ವಾ, ಅವರು... ಪುಸ್ತಕದ ಪ್ರಕಾರ..."

ಲಗಮವ್ವ ಪುಸ್ತಕದ ಪ್ರಕಾರಕ್ಕೆ ಕಾಯಲಿಲ್ಲ. ಕೈ ಚಾಚಿ ಆಯಿಯ ಅಂಗೈ ಹಿಡಿದು, ಉಣ್ಣೆ ನೂತು ಗಟ್ಟಿಯಾದ ಬೆರಳನ್ನು ಸವರಿದರು. ಯಾವ ಊರು, ಯಾರ ಮಗಳು, ಮನೆದೇವರು ಎಲ್ಲಿ, ಮಳೆಗಾಲಕ್ಕೆ ಕುರಿ ಯಾವ ದಿಕ್ಕಿಗೆ ಎಂದು ಒಂದರ ಹಿಂದೊಂದು ಕೇಳಿದರು. ತಮ್ಮ ಸಂಶೋಧಕರು ಕೇಳದ ಪ್ರಶ್ನೆಗಳು, ಮಾನ್ಯರೇ. ಕಾಲು ತಾಸಿನೊಳಗೆ ಲಗಮವ್ವನ ಚಿಕ್ಕಮ್ಮನನ್ನು ಆಯಿಯ ಅತ್ತೆಯ ತವರಿಗೇ ಕೊಟ್ಟಿದ್ದರೆಂಬುದು ಹೊರಬಿತ್ತು. ಇಬ್ಬರೂ ಆ ಸತ್ತ ಚಿಕ್ಕಮ್ಮನನ್ನು ನೆನೆದು ಸ್ವಲ್ಪ ಅತ್ತರು, ಅವಳ ಜಗಳಗಂಟಿತನ ನೆನೆದು ಬಹಳ ನಕ್ಕರು. ಆಮೇಲೆ ಲಗಮವ್ವ ಮಗನ ಕಡೆ ಮುಖ ತಿರುಗಿಸಿ ಗದರಿದರು:

"ನಿಂತೇನ್ ನೋಡ್ತೀಯೋ? ಒಳಗ ಚಾ ಇಡಾಕ ಹೇಳು. ನಮ್ಮಂದಿ ಬಂದಾರ."

ಸತ್ತೆಪ್ಪನವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಗ್ರಂಥದ ಮೇಲೆ ಗೀಚಬಾರದೆಂದು ಬದುಕಿಡೀ ಓದುಗರಿಗೆ ಬುದ್ಧಿ ಹೇಳಿದ ಆ ಮನುಷ್ಯ ಜೇಬಿನಿಂದ ಪೆನ್ಸಿಲ್ ತೆಗೆದು ಇನ್ನೂರ ಹದಿನೆಂಟನೆಯ ಪುಟ ಬಿಡಿಸಿದರು. 'ಭಿನ್ನ' ಎಂಬುದರ ಮೇಲೆ ಗೆರೆ ಎಳೆದರು. 'ಆರು' ಎಂಬುದನ್ನು ಹೊಡೆದು ಹಾಕಿ, ತಾಯಿ, ಹೆಂಡತಿ, ಮಗ ಮಾಲಿಂಗ ಮತ್ತು ತಾನು ಎಂದು ನಾಲ್ವರನ್ನು ಸೇರಿಸಿ 'ಹತ್ತು' ಎಂದು ಅಂದವಾಗಿ ಬರೆದರು. ಆಮೇಲೆ ಆಯಿಯ ಕಾಲು ಮುಟ್ಟಿ, "ತಪ್ಪಾತ್ರಿ ಯವ್ವಾ" ಎಂದರು. ವಿದ್ಯಾ ಇನ್ನೂ ಹದಿನೈದು ದಿನ ಮಾಲಿಂಗನ ಫೋನ್ ಎತ್ತದೆ ಸತಾಯಿಸಿ, ಹದಿನಾರನೆಯ ದಿನ ಎತ್ತಿದಳು. ಲಗ್ನ ಕಳೆದ ತಿಂಗಳು ಆಯಿತು.

ಆದ್ದರಿಂದ ತಮ್ಮಲ್ಲಿ ನನ್ನ ಸವಿನಯ ಕೋರಿಕೆಗಳು ಕೆಲವೇ ಇವೆ. ಮುಂದಿನ ಮುದ್ರಣದಲ್ಲಿ, ಆಯಿ ಮೊದಲ ಸಲ ಹೇಳಿದ ಹೆಸರನ್ನೇ, ಅವಳು ಹೇಳಿದ ಧ್ವನಿಯಲ್ಲೇ ಅಚ್ಚು ಹಾಕಿಸಬೇಕು. ಧ್ವನಿಯನ್ನು ಅಚ್ಚು ಹಾಕುವ ಯಂತ್ರ ದೊರೆಯುವವರೆಗೆ ಆ ಜಾಗವನ್ನು ಖಾಲಿ ಬಿಟ್ಟರೂ ನಡೆದೀತು. 'ಮಂದೆ' ಎಂಬ ವ್ಯುತ್ಪತ್ತಿಯ ಬಗ್ಗೆ ನಮ್ಮ ಕುರಿಗಳ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು. ಹಾಗೂ 'ನಗು ಹೆಚ್ಚು' ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಬಾರದು. ಇಡೀ ಪುಟದಲ್ಲಿ ತಾವು ಕಂಡು ಬರೆದದ್ದು ಅದೊಂದೇ. ಕಾರಣವನ್ನು ಈಗ ತಿಳಿಸಿದ್ದೇನೆ.

ಇನ್ನೂ ತಮ್ಮ ಮೇಲೆ ಭರವಸೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಭಾಗ್ಯಾ ಬೀರಸಿದ್ದಪ್ಪ, ಹುಕ್ಕೇರಿ

ತಾ.ಕ.: ಹತ್ತು ಎಂಬ ಸಂಖ್ಯೆಯೂ ನಿಲ್ಲುವಂತೆ ಕಾಣುತ್ತಿಲ್ಲ. ವರ್ಷವರ್ಷವೂ ನಮ್ಮ ಕುರಿ ತರುಬುವುದು ಮೂಡಲಗಿಯ ಪಾರವ್ವನ ಹೊಲದಲ್ಲಿ. ಅವರು ಲಿಂಗ ಕಟ್ಟಿಕೊಂಡವರು, ಆಯಿಯ ಪಕ್ಕದಲ್ಲೇ ಕುಳಿತು ಉಣ್ಣುವವರು. ಸುದ್ದಿ ಕೇಳಿ ಸಿಟ್ಟಾಗಿ, "ಹಂಗಾದ್ರ ನಾ ಮಂದಿ ಏನ?" ಎಂದು ಜಗಳ ತೆಗೆದು ಸತ್ತೆಪ್ಪನವರ ಪ್ರತಿಯಲ್ಲಿ ತಮ್ಮ ಹೆಸರು ಬರೆಸಿದ್ದಾರೆ. ಸಂಪಾದಕರಾದ ತಮ್ಮನ್ನೂ ಸೇರಿಸಿಕೊಳ್ಳಬಹುದೇ ಎಂದು ಆಯಿಯನ್ನು ಕೇಳಿ ನೋಡಿದೆ. "ಮೊದ್ಲ ಬಂದು ಕುಂತು ಒಂದ್ ರೊಟ್ಟಿ ತಿನ್ಲಿ. ಬರಕೊಳ್ಳಾಕ ಪೆನ್ನ ತರೂದ ಬ್ಯಾಡ" ಎಂದಿದ್ದಾಳೆ.