ವಾದಕ್ಕೆ ಗೊಬ್ಬರ, ವಾದಕ್ಕೆ ಗೆದ್ದಲು

ವಕೀಲನಾದವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಕರಿಕೋಟು ಕಂಡ ಕೂಡಲೇ ನಗುವೇ ಕಕ್ಷಿಗಾರನ ವೇಷ ಹಾಕಿಕೊಂಡು ಮೆಟ್ಟಿಲು ಹತ್ತಿ ಬರುತ್ತದೆ. ನಾನು ಮಂಡ್ಯದಲ್ಲಿ ವಕೀಲಿ ಶುರು ಮಾಡಿದಾಗ ಊರು ಜಿಲ್ಲೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ನಾಲೆಯ ನೀರು ಬಂದು ಸುತ್ತಲೂ ಕಬ್ಬು ಬೆಳೆದಿತ್ತು, ಕಬ್ಬಿನ ಜೊತೆ ವ್ಯಾಜ್ಯವೂ ಸೊಂಪಾಗಿ ಬೆಳೆದಿತ್ತು. ನಮಗೆ ಎರಡೂ ಸಿಹಿಯೇ.

ನನಗೆ ಕೆಲಸ ಕಲಿಸಿದ ಹಿರಿಯ ವಕೀಲರನ್ನು ಊರೆಲ್ಲ ಸೀನಿಯರ್ ಎಂದೇ ಕರೆಯುತ್ತಿತ್ತು, ನಾನೂ ಹಾಗೇ ಕರೆಯುತ್ತೇನೆ. ಕಾನೂನು ಪುಸ್ತಕಕ್ಕಿಂತ ಅವರಿಗೆ ಜಗಲಿಯ ಪಾಠದ ಮೇಲೆ ನಂಬಿಕೆ. ಸಂಜೆ ನಶ್ಯ ಏರಿಸಿ ಶುರು ಮಾಡುತ್ತಿದ್ದರು.

"ಕೇಳಯ್ಯ. ಒಬ್ಬ ರೈತ ನಾಲೆ ನೀರು ಕದ್ದ ಅಂತ ನಮ್ಮ ವಾದ. ಒಂದು, ಬೆಳಿಗ್ಗೆ ಅವನ ಗದ್ದೆ ತುಂಬಿತ್ತು. ಎರಡು, ಹಿಂದಿನ ದಿನ ಜೋರು ಮಳೆ ಬಂದಿತ್ತು. ಮೂರು, ಅವನ ಹೆಂಡತಿಗೆ ಮೂಗುತಿ ಚೆನ್ನಾಗಿ ಒಪ್ಪುತ್ತೆ. ಯಾವುದು ವಾದಕ್ಕೆ ಗೊಬ್ಬರ, ಯಾವುದು ಗೆದ್ದಲು?"

"ಮೊದಲನೇದು ಗೊಬ್ಬರ. ಎರಡನೇದು ಗೆದ್ದಲು. ಮೂರನೇದಕ್ಕೂ ವಾದಕ್ಕೂ ಏನು ಸಂಬಂಧ ಸಾರ್?"

"ಶಭಾಷ್! ಮೂರನೇದು ನಿಜ ಇರಬಹುದು, ಆದ್ರೆ ಕೆಲಸಕ್ಕೆ ಬಾರದು. ಕೋರ್ಟಿನಲ್ಲಿ ಜನ ಆಡೋ ಮಾತು ಮುಕ್ಕಾಲು ಪಾಲು ಮೂಗುತಿ ಜಾತಿಯದು. ಅದನ್ನ ಗುರುತು ಹಿಡಿಯೋನೇ ವಕೀಲ."

ನಾನು ಬೇಗ ಗುರುತು ಹಿಡಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಗೆದ್ದ ಕೇಸುಗಳೇ ಹೇಳುತ್ತವೆ. ಆದರೆ ಗೊಬ್ಬರ ಅಂತ ಹಾಕಿದ್ದು ಕಣ್ಣೆದುರಿಗೇ ಗೆದ್ದಲಾಗುವ ತಮಾಷೆಯಿದೆಯಲ್ಲ, ಅದನ್ನು ಯಾವ ಜಗಲಿಯ ಮೇಲೂ ಕಲಿಸೋಕಾಗಲ್ಲ.

ಸಾಧು ಎಮ್ಮೆ

ಮದ್ದೂರಿನ ಕಡೆಯ ಒಬ್ಬ ರೈತ ನನ್ನ ಕಕ್ಷಿಗಾರ. ಪಕ್ಕದ ಮನೆಯವನ ಎಮ್ಮೆ ನುಗ್ಗಿ ಅವನ ಎಳೆಗಬ್ಬು ಮೇದುಹಾಕಿತ್ತು. ವರ್ಷದ ಬೆಳೆ ಅರ್ಧ ಹಾಳು. ಆದರೆ ಎಮ್ಮೆ ಮೇಯುವುದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಬದುವಿನ ಮೇಲೆ ಗೊರಸಿನ ಗುರುತಿತ್ತು, ಅಷ್ಟೆ. ಎಮ್ಮೆ ಊರ ತುಂಬ ಇರುವಾಗ ಗೊರಸಿನಿಂದ ಏನು ಸಾಬೀತಾಗುತ್ತದೆ? ನಮ್ಮ ವಾದ ತೆಳ್ಳಗೇ ಇತ್ತು.

ಎದುರು ವಕೀಲರು ಇಷ್ಟಕ್ಕೆ ಸುಮ್ಮನಿದ್ದರೆ ಗೆಲ್ಲುತ್ತಿದ್ದರು. ಅವರಿಗೆ ಇನ್ನೂ ಬಲಪಡಿಸುವ ಆಸೆ. ಎಮ್ಮೆ ಎಷ್ಟು ಸಾಧು ಎಂದು ಹೇಳಿಸಲು ಎಮ್ಮೆಯೊಡೆಯನ ಭಾವಮೈದನನ್ನೇ ಸಾಕ್ಷಿ ಕಟಕಟೆಗೆ ಹತ್ತಿಸಿದರು.

"ಆ ಎಮ್ಮೆಯ ಸ್ವಭಾವ ಎಂಥದ್ದು ಹೇಳಪ್ಪ."

ಅವನು ಅಭಿಮಾನದಿಂದ ಎದೆ ಉಬ್ಬಿಸಿದ. "ಅಂತಾ ಸಾಧು ಎಮ್ಮೆ ಈ ಸೀಮೇಲೇ ಇಲ್ಲ ಬುದ್ಧಿ. ಆಯಾಕಿಲ್ಲ, ಒದಿಯಾಕಿಲ್ಲ. ಯಾರ ಒಲಕ್ಕೆ ಓದ್ರೂ ಒಂಚೂರು ಸದ್ದು ಮಾಡ್ದಂಗೆ ಮೇಯ್ಕಂಡು, ಒತ್ತಿಗೆ ಸರ್ಯಾಗಿ ಮನೆಗೆ ಬತ್ತದೆ!"

ಎದುರು ವಕೀಲರು ಕಣ್ಣು ಮುಚ್ಚಿಕೊಂಡರು. ಮುನ್ಸೀಫರು ನನ್ನ ಕಡೆ ತಿರುಗಿ, "ಪಾಟೀ ಸವಾಲು ಇದೆಯೇನ್ರೀ?" ಎಂದರು.

"ಇಲ್ಲ ಸ್ವಾಮಿ," ಎಂದು ಎದ್ದವನು ಹಾಗೇ ಕೂತೆ. "ಇದಕ್ಕಿಂತ ಚೆನ್ನಾಗಿ ನನ್ನ ಕಡೆ ಸಾಕ್ಷಿಗಳೂ ಹೇಳಲಾರರು."

ಬೆಕ್ಕಿನ ಮೇಲಿನ ಆರೋಪ

ಸೀನಿಯರಿಗೆ ಸಕ್ಕರೆ ಕಾಯಿಲೆ. ಸುತ್ತ ಹತ್ತು ಹಳ್ಳಿಗೆ ಬೆಲ್ಲದ ಪರಿಮಳ ಹರಡುವ ಊರಿನಲ್ಲಿ ಪಾಪ, ಡಾಕ್ಟರು ಅವರಿಗೆ ಸಿಹಿ ಮುಟ್ಟಬಾರದು ಎಂದಿದ್ದರು. ಅದನ್ನು ಜಾರಿಗೆ ತರುವ ಅಧಿಕಾರ ಅವರ ಮನೆಯಾಕೆ ಅಮ್ಮಾವ್ರದು.

ಒಂದು ಹಬ್ಬದ ಮಧ್ಯಾಹ್ನ ನಾನು ಕಡತ ಹಿಡಿದು ಅವರ ಮನೆಗೆ ಹೋದಾಗ ನಡುಮನೆಯಲ್ಲೇ ವಿಚಾರಣೆ ನಡೆದಿತ್ತು. ನೈವೇದ್ಯಕ್ಕೆಂದು ಎತ್ತಿಟ್ಟಿದ್ದ ಪಾಯಸ ಅರ್ಧಕ್ಕಿಳಿದಿತ್ತು. ನನ್ನನ್ನು ಕಂಡದ್ದೇ ಸೀನಿಯರಿಗೆ ಬಲ ಬಂತು.

"ಸರಿಯಾದ ಹೊತ್ತಿಗೆ ಬಂದೆ ಕೂತ್ಕೋ. ಬೆಕ್ಕು ಕುಡೀತು ಅಂತ ನನ್ನ ವಾದ. ಒಂದು, ಅಡಿಗೆಮನೆ ಕಿಟಕಿ ತೆರೆದಿತ್ತು. ಎರಡು, ಬೆಕ್ಕು ಬೆಳಿಗ್ಗೆಯಿಂದ ಇಲ್ಲೇ ಸುಳಿದಾಡ್ತಿದೆ. ಮೂರು, ಹೋದ ವಾರ ಇದೇ ಬೆಕ್ಕು ಹಾಲು ಕುಡಿದು ಸಿಕ್ಕಿಬಿದ್ದಿತ್ತು. ಮೂರೂ ಗೊಬ್ಬರವೋ ಅಲ್ಲವೋ?"

ಕಲಿಸಿದ ಗುರು ಕೇಳುವಾಗ ಬೇರೆ ಏನು ಹೇಳಲಿ? "ಮೂರೂ ಗೊಬ್ಬರವೇ ಸಾರ್," ಎಂದೆ.

"ನೋಡಿದೆಯಾ!" ಎಂದು ಅವರು ಹೆಂಡತಿಯ ಕಡೆ ತಿರುಗಿದರು.

ಅಮ್ಮಾವ್ರು ಸಾವಧಾನವಾಗಿ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಮೂರೂ ಒಪ್ಪಿದೆ. ನಂದು ಒಂದೇ ಪ್ರಶ್ನೆ. ಕುಡಿದ ಮೇಲೆ ಲೋಟ ತೊಳೆದು ಬೋರಲು ಹಾಕಿ ಹೋಗೋ ಬೆಕ್ಕು ಯಾವ ಊರಿಂದು? ಅಂಥದ್ದು ಇದ್ದರೆ ಹೇಳಿ, ಒಂದು ಸಾಕ್ಕೋತೀನಿ. ಈ ಮನೆಯಲ್ಲಿ ಬೇರೆ ದಿನ ನನ್ನ ಬಿಟ್ಟು ಯಾರೂ ಲೋಟ ತೊಳೆಯಲ್ಲ."

ಸೀನಿಯರ್ ನನ್ನ ಕೈಯಲ್ಲಿದ್ದ ಕಡತ ಕಿತ್ತುಕೊಂಡು, "ನಡಿ ನಡಿ, ನಾಳೆ ಕೇಸಿಗೆ ಹೊತ್ತಾಯ್ತು," ಎಂದು ಜಗಲಿಗೆ ಓಡಿದರು.

ಕೊಕ್ಕರೆ ಮರ

ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಮನುಷ್ಯರ ಜೊತೆ ಮನುಷ್ಯರ ಹಾಗೆಯೇ ಬಾಳುತ್ತವೆ. ಮನೆ ಪಕ್ಕದ ಹುಣಸೆ ಮರವೆಂದರೆ ಅವಕ್ಕೆ ಬಾಣಂತಿಕೋಣೆ. ಅಂಥ ಒಂದು ಮರ ಇಬ್ಬರು ದಾಯಾದಿಗಳ ಗಡಿಯ ಮೇಲೆ ನಿಂತಿತ್ತು. ಒಬ್ಬ, "ಮರ ನಂದು, ನೆರಳಿಗೆ ರಾಗಿ ಏಳ್ತಿಲ್ಲ, ಕಡೀತೀನಿ," ಎಂದು ಕೊಡಲಿ ಮಸೆದ. ಇನ್ನೊಬ್ಬ, "ಮರ ನಂದು, ಮುಟ್ಟುದ್ರೆ ಕಾಣ್ಸ್ತೀನಿ," ಎಂದು ನನ್ನ ಹತ್ತಿರ ಓಡಿಬಂದ. ಆಗ ಮರದ ತುಂಬ ಮರಿಗಳು. ಮರ ಉರುಳಿದರೆ ಅಷ್ಟೂ ನೆಲಕ್ಕೆ.

"ನಮ್ಮ ತಾತನ ಕಾಲದಿಂದ್ಲೂ ಇದ್ರಲ್ಲಿ ಕೊಕ್ಕರೆ ಗೂಡು ಕಟ್ತವೆ ಬುದ್ಧಿ," ಎಂಬುದು ಅವನ ದೊಡ್ಡ ಪಾಯಿಂಟು.

"ಅದರಿಂದ ಮರ ಹಳೇದು ಅಂತಾಯ್ತು, ನಿಂದು ಅಂತಾಗಲಿಲ್ಲ," ಎಂದೆ. "ಮರದ ಕೆಳಗಿನ ಹಕ್ಕಿ ಹಿಕ್ಕೆ ಯಾರು ಎತ್ಕೊಳ್ತಾರೆ?"

"ನಾವೇ. ವರ್ಸಾ ವರ್ಸಾ ಗಾಡೀಲಿ ಒಡ್ಕತೀವಿ. ಗದ್ದೆಗೆ ಅದ್ಕಿಂತ ಗೊಬ್ರ ಇಲ್ಲ."

"ಅವನು ಯಾವತ್ತಾದ್ರೂ ಬೇಡ ಅಂದನಾ?"

"ಇಲ್ಲ."

ಅದು ನಿಜವಾದ ಬಲ. ನಾನು ಕೋರ್ಟಿನಲ್ಲಿ ಅದನ್ನೇ ಹಿಡಿದು ವಾದಿಸಿದೆ: ತನ್ನದಾಗಿದ್ದರೆ ಇಷ್ಟು ವರ್ಷ ಗೊಬ್ಬರ ಬಿಟ್ಟುಕೊಡುವ ರೈತ ಯಾರಿದ್ದಾನೆ? ಎದುರು ವಕೀಲರು ತಕ್ಷಣ, "ವಾಸನೆ ತಡೆಯಲಾರದೆ ಸುಮ್ಮನಿದ್ದ ಸ್ವಾಮಿ," ಎಂದರು. ಅವರೂ ಕಡಿಮೆಯೇನಲ್ಲ.

ಮುನ್ಸೀಫರು ಇಬ್ಬರಿಗೂ ಸೋದರತ್ತೆಯಾಗಬೇಕಾದ ಮುದುಕಿಯನ್ನು ಕರೆಸಿದರು. ಇಬ್ಬರೂ, ಅತ್ತೆ ನಮ್ಮ ಕಡೆ ಎಂದು ನಂಬಿಕೊಂಡಿದ್ದರು.

"ಅಜ್ಜಿ, ನಿಜ ಹೇಳು. ಆ ಮರ ಯಾರದು?"

ಮುದುಕಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿತು. "ಕೊಕ್ಕರೇದು ಕಣಪ್ಪ. ಇವಿಬ್ರೂ ಉಣ್ಸೆ ಅಣ್ಣು ಉದುರ್ಸ್ಕಂಡು ತಿನ್ನಾಕೆ ಬಂದೋವು."

ಕೋರ್ಟಿಗೆ ಕೋರ್ಟೇ ನಕ್ಕಿತು. ಮುನ್ಸೀಫರು ನಗು ತಡೆದುಕೊಂಡು ಹೇಳಿದರು: "ಆ ಮಾಲೀಕರಿಗೆ ರೆಕ್ಕೆ ಬಲಿಯೋವರೆಗೂ ಯಾರೂ ಕೊಡಲಿ ಎತ್ತಕೂಡದು." ಅಷ್ಟರೊಳಗೆ ದಾಯಾದಿಗಳಿಗೂ ಬುದ್ಧಿ ಬಲಿತು, ಹಣ್ಣು ಒಬ್ಬನಿಗೆ, ಗೊಬ್ಬರ ಒಬ್ಬನಿಗೆ ಎಂದು ರಾಜಿಯಾಯಿತು. ಮುದುಕಿ ಮಾತ್ರ ನನ್ನನ್ನು ಕೇಳಿತು: "ಕೊಕ್ಕರೆಗೇನು ಕೊಡ್ಸ್ದೆ ಲಾಯರಪ್ಪ?"

ಬಸ್ಸು ತಳ್ಳದವನು

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮರ್ಯಾದೆಯ ಮಾತು. ದಿಬ್ಬ ಬಂದರೆ ಪ್ರಯಾಣಿಕರೇ ಇಳಿದು ತಳ್ಳಬೇಕು.

ಕಿರುಗಾವಲಿನ ಒಂದು ಅಂಗಡಿ ಮುಂದೆ ಹೊಡೆದಾಟವಾಗಿ ಒಬ್ಬನ ತಲೆ ಒಡೆದಿತ್ತು. ಹೊಡೆದವರ ಪೈಕಿ ಮಳವಳ್ಳಿಯ ನನ್ನ ಕಕ್ಷಿಗಾರನ ಹೆಸರನ್ನೂ ಹಳೇ ದ್ವೇಷಕ್ಕೆ ಸೇರಿಸಿದ್ದರು. ಅವನು, "ಆ ಒತ್ನಲ್ಲಿ ನಾನಿನ್ನೂ ಬಸ್ಸಲ್ಲಿದ್ದೆ," ಎನ್ನುತ್ತಿದ್ದ. ನಂಬುವವರಿಲ್ಲ. ಹೆಂಡತಿ ನನ್ನ ಬಾಗಿಲಲ್ಲಿ ನಿಂತು ಅಳುತ್ತಿದ್ದಳು, ಜೈಲು ಖಂಡಿತ ಎಂದು.

ಅವನ ನೆಂಟರು ಸಾಕ್ಷಿ ಹೇಳಲು ಸಾಲುಗಟ್ಟಿದ್ದರು. ನಾನು ಎಲ್ಲರನ್ನೂ ವಾಪಸು ಕಳಿಸಿದೆ. ನೆಂಟರ ಸಾಕ್ಷಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಸ್ಸಿನ ಕಂಡಕ್ಟರನನ್ನು ಕರೆಸಿದೆ.

ಮ್ಯಾಜಿಸ್ಟ್ರೇಟರು ಕೇಳಿದರು: "ದಿನಾ ಎಷ್ಟೋ ಜನ ಹತ್ತಿ ಇಳೀತಾರೆ. ಇವನೇ ಇದ್ದ ಅಂತ ಹೇಗೆ ಹೇಳ್ತೀಯ?"

"ಮರೆಯಾದು ಎಂಗೆ ಸ್ವಾಮಿ?" ಎಂದು ಕಂಡಕ್ಟರ್ ಸಿಡಿದೆದ್ದ. "ಆವತ್ತು ದಿಬ್ಬ ಬಂದಾಗ್ಲೆಲ್ಲ ಬಸ್ಸು ನಿಂತೋಯ್ತಿತ್ತು. ಎಂಗಸ್ರು ಸೈತ ಇಳ್ದು ತಳ್ಳುದ್ರು. ಈವಯ್ಯ ಒಬ್ನೇ ಸೀಟ್ ಬುಟ್ಟು ಏಳ್ನಿಲ್ಲ. ಕೇಳುದ್ರೆ, 'ಟಿಕೀಟು ತಗಂಡಿರಾದು ಕೂತ್ಕಳಾಕೆ, ತಳ್ಳಾಕಲ್ಲ' ಅಂದ. ಊರು ಮುಟ್ಟಾಗಂಟ ಇವ್ನ ಬಯ್ಕಂಡೇ ಬಂದೊ!"

ಸಾಕ್ಷಿ ಹೇಳು ಎಂದರೆ ಜನ ಮೈಲಿ ದೂರ ಓಡುವ ಕಾಲ ಅದು. ಆದರೆ ಇವನನ್ನು ಬಯ್ಯಲು ಒಂದು ಸರ್ಕಾರಿ ಅವಕಾಶ ಸಿಕ್ಕಿದೆ ಎಂದು ತಿಳಿದದ್ದೇ ತಳ್ಳಿದವರೆಲ್ಲ ತಾವಾಗಿಯೇ ಕೋರ್ಟಿಗೆ ಬಂದರು. ಒಬ್ಬರಿಗಿಂತ ಒಬ್ಬರು ಕೆಟ್ಟದಾಗಿ ಬಯ್ದರು. ಬಯ್ದಷ್ಟೂ ನಮ್ಮ ಕೇಸು ಗಟ್ಟಿಯಾಗುತ್ತ ಬಂತು. ಕೊನೆಗೆ ನಾನು ಎದ್ದು ಹೇಳಿದ್ದು ಒಂದೇ ಮಾತು: "ಸ್ವಾಮಿ, ಬಸ್ಸು ತಳ್ಳೋಕೇ ಏಳದ ಈ ಮನುಷ್ಯ ಇನ್ನೊಬ್ಬನ ಮೇಲೆ ಕೈಯೆತ್ತೋ ಅಷ್ಟು ಶ್ರಮ ಪಡ್ತಾನೆಯೇ?"

ಬಿಡುಗಡೆಯಾಯಿತು. ಹೆಂಡತಿ ಕಣ್ಣೊರೆಸಿಕೊಂಡು ಕೈಮುಗಿದಳು. ಗಂಡನ ಮುಖ ಮಾತ್ರ ಗಂಟಾಗಿತ್ತು.

"ಇನ್ನೇನಯ್ಯ ನಿನಗೆ?" ಎಂದೆ.

"ಬುಡುಗಡೆಯೇನೋ ಆಯ್ತು ಬುದ್ಧಿ. ಆದ್ರೆ ನಾನು ಸೋಮಾರಿ ಅಂತ ಬರ್ಕಂಡವ್ರಲ್ಲ, ಅದ ಅಳ್ಸಿ ಆಕ್ಸಿ. ಮಗಂಗೆ ಎಣ್ಣು ನೋಡ್ತಾವ್ನಿ."

ನನ್ನದೇ ಕೇಸು

ಎಲ್ಲಕ್ಕಿಂತ ಮಿಗಿಲಾದದ್ದು ಬೆಸಗರಹಳ್ಳಿಯಲ್ಲಿ ನಡೆಯಿತು. ನನಗೆ ಹೆಣ್ಣು ನೋಡಲು ಹೊರಟಾಗ ಅಪ್ಪ, "ನಾನು ನೇಗ್ಲು ಇಡ್ದೋನು, ನಂಗೆ ಮಾತು ಬರಾಕಿಲ್ಲ. ನಿಮ್ ಸೀನಿಯರ್ರೂ ಬರ್ಲಿ ಕಣ್ಲಾ," ಎಂದರು. ಸೀನಿಯರ್ ಜರಿ ಪೇಟ ಸುತ್ತಿಕೊಂಡು ಹೈಕೋರ್ಟಿಗೆ ಹೊರಟವರಂತೆ ಬಂದರು.

ಆ ಮನೆಯಲ್ಲಿ ಕಡೆಯ ಮಾತು ಹುಡುಗಿಯ ಅಜ್ಜಿಯದು. ಆಕೆ ಕಂಬಕ್ಕೆ ಒರಗಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದರು. ನಮಗೆ ತಂಬಿಟ್ಟು ಕೊಟ್ಟರು. ಬೆಲ್ಲದ ಪಾಕ ಒಂದು ಹದ ಮುಂದೆ ಹೋಗಿತ್ತು. ನಾನು ವಿನಯಕ್ಕೆಂದು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡೆ. ಮೇಲಿನ ದವಡೆಯೂ ಕೆಳಗಿನ ದವಡೆಯೂ ಅಣ್ಣತಮ್ಮಂದಿರಂತೆ ಕೂಡಿಕೊಂಡವು, ಮತ್ತೆ ಬೇರೆಯಾಗಲಿಲ್ಲ.

ಸೀನಿಯರ್ ಗಂಟಲು ಸರಿಮಾಡಿಕೊಂಡರು. "ತಾಯಿ, ಒಂದನೇದಾಗಿ ಹುಡುಗ ಕುಡಿಯಲ್ಲ, ಸೇದಲ್ಲ."

"ಕೈಲಿ ಕಾಸಿಲ್ದಾಗ ಯಾರೂ ಕುಡಿಯಾಕಿಲ್ಲ ಬುಡಿ," ಎಂದರು ಅಜ್ಜಿ.

"ಎರಡನೇದಾಗಿ, ಮಳವಳ್ಳಿಯಿಂದೆಲ್ಲ ಕಕ್ಷಿಗಾರರು ಇವನ ಮನೆ ಹುಡುಕಿಕೊಂಡು ಬರ್ತಾರೆ."

"ಅಂಗಾರೆ ಮನೆ ತುಂಬ ಜಗಳಗಂಟ್ರು ಅನ್ನಿ. ಅವ್ರಿಗೆಲ್ಲ ನಮ್ಮುಡುಗಿ ಕಾಪಿ ಕಾಯಿಸ್ಬೇಕಾ?"

ಅಪ್ಪ ಬೆವರೊರೆಸಿಕೊಂಡರು. ನನಗೆ ಅಲ್ಲೇ ಎದ್ದು ಉತ್ತರ ಕೊಡುವ ಆಸೆ. ಒಳ್ಳೆಯ ಉತ್ತರವೇ ಇತ್ತು. ಬಾಯಿ ಬಿಡಿಸಿಕೊಳ್ಳಲಾಗಲಿಲ್ಲ. ಬಾಗಿಲ ಸಂದಿಯಲ್ಲಿ ಹುಡುಗಿಯ ಹಸಿರು ಬಳೆ ಒಂದು ಸಲ ಕಂಡಿತ್ತು. ಅದನ್ನು ಕಂಡ ಮೇಲೆ ಈ ಕೇಸು ಸೋಲಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಸೀನಿಯರಿಗೆ ರೋಷ ಬಂತು. ಎದ್ದು ನಿಂತು ಕೈ ಬೀಸಿ ಕೊನೆಯ ಬಾಣ ಬಿಟ್ಟರು: "ತಾಯಿ, ಇವನ ಮಾತಿನ ಶಕ್ತಿ ನಿಮಗೆ ಗೊತ್ತಿಲ್ಲ. ನಾನೇ ಕಲಿಸಿದ್ದು! ಇವನು ಬಾಯಿ ಬಿಟ್ಟರೆ ಕರೀದು ಬಿಳೀದಾಗುತ್ತೆ, ಸುಳ್ಳು ನಿಜ ಆಗುತ್ತೆ!"

ಅಜ್ಜಿಯ ಕುಟ್ಟಾಣಿ ನಿಂತಿತು. "ಕಲ್ಸ್ದೋರು ನೀವೇನಾ?"

"ನಾನೇ!"

"ಅಂಗಾರೆ ಇಲ್ಲೀಗಂಟ ನೀವು ಆಡಿದ್ ಮಾತು?"

ಸೀನಿಯರ್ ನಿಂತಲ್ಲೇ ಕೂತರು. ಮೂವತ್ತು ವರ್ಷದ ವಕೀಲಿಯಲ್ಲಿ ಅಂಥ ಪಾಟೀ ಸವಾಲನ್ನು ಅವರು ಕಂಡಿರಲಿಲ್ಲ. ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು, ಹೊರಡೋಣ ಎನ್ನುವ ಹಾಗೆ.

ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು. "ಅಜ್ಜೀ, ಆ ಯಜಮಾನ್ರು ಏಳಿದ್ದ ಬುಟ್ಟಾಕು. ಅದು ಲಾಯರ ಮಾತು. ನೀನು ಇಷ್ಟು ಅಂದ್ರೂ ಗಂಡು ತುಟಿ ಪಿಟಿಕ್ ಅನ್ನದೆ ಕೂತವ್ರಲ್ಲ, ಅದ ನೋಡು. ಮನೆಗೆ ಬೇಕಾಗಿರೋದು ಅಂತೋರೇ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯಾಡಿಸಿದೆ, ಅದೊಂದೇ ನನ್ನ ಕೈಲಾಗುತ್ತಿದ್ದದ್ದು. ಅದೂ ಮಹಾ ವಿನಯವಾಗಿ ಕಂಡಿತು. ಅಜ್ಜಿ ನನ್ನ ಮುಖ ನೋಡಿ, "ಊಂ, ಆಯ್ತದೆ," ಎಂದು ಮತ್ತೆ ಕುಟ್ಟತೊಡಗಿದರು.

ಮದುವೆಗೆ ಸೀನಿಯರ್ ಬಂದರು. ಚಪ್ಪರದಲ್ಲಿ ಯಾರು ಮಾತಾಡಿಸಿದರೂ ಬರೀ ಕೈಸನ್ನೆ. ತಾಳಿ ಕಟ್ಟಿ, ಅಕ್ಷತೆ ಬಿದ್ದ ಮೇಲೆ ನಾನು ಕಾಲಿಗೆರಗಿ, "ಯಾಕೆ ಸಾರ್, ಮೈ ಸರಿಯಿಲ್ಲವೇ?" ಎಂದೆ.

ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ತೀರ್ಪು ನಮ್ಮ ಕಡೆ ಆಗಿದೆ ಕಣಯ್ಯ. ನಾನು ಬಾಯಿ ಬಿಟ್ಟು, ಅಜ್ಜಿ ಅಪೀಲಿಗೆ ಹೋದರೆ ಏನು ಗತಿ?"